ಚೊಚ್ಚಲ ಬಸುರಿಯ ಭಯವೂ ಸಿದ್ಧತೆಯೂ

ಓದತಕ್ಕ ವೇದಭಾಗಗಳು: ಆದಿಕಾಂಡ 3:16–19, ವಿಮೋಚನಕಾಂಡ 1:15–21, ಲೂಕ 1:39–56, ಯೋಹಾನ 16:21.

ಈ ತಿಂಗಳಿನ ಪಾಠದ ವಿಷಯವನ್ನು ಕಂಡು ನಿಮ್ಮಲ್ಲಿ ಕೆಲವರು ಆಶ್ಚರ್ಯಪಡಬಹುದು. ಹೆರಿಗೆಯ ಮಾತು ಹೆಂಗಸರ ಕೋಣೆಗೆ ಸೇರಿದ್ದು, ಅದನ್ನು ಉಪದೇಶಿಯು ಸಭೆಯ ಪತ್ರಿಕೆಯಲ್ಲಿ ಬರೆಯುವದೇಕೆಂದು ಕೇಳುವವರೂ ಇರುವರು. ಆದರೆ ನಡುರಾತ್ರಿಯಲ್ಲಿ ಬೇನೆ ಎದ್ದಾಗ ಮನೆಯವರು ಮೊದಲು ಬಂದು ತಟ್ಟುವದು ಉಪದೇಶಿಯ ಮನೆಯ ಬಾಗಿಲನ್ನೇ. ಗಾಡಿಗೆ ಯಾರನ್ನು ಕರೆಯಬೇಕು, ಆಸ್ಪತ್ರೆಗೆ ಈಗಲೇ ಹೋಗಬೇಕೋ ಬೆಳಗಾದ ಮೇಲೋ, ಪ್ರಾರ್ಥನೆ ಮಾಡಿ ಕಾದರೆ ಸಾಲದೋ ಎಂಬ ಪ್ರಶ್ನೆಗಳನ್ನು ಆ ಹೊತ್ತಿನಲ್ಲಿ ನಮ್ಮ ಮುಂದೆ ಇಡುತ್ತಾರೆ. ಆ ಗಳಿಗೆಯಲ್ಲಿ ಪಾಠ ಹೇಳುವದಕ್ಕೆ ಸಮಯವಿಲ್ಲ; ಹೇಳಿದರೂ ಕೇಳುವ ಕಿವಿಗಳಿರುವದಿಲ್ಲ. ಆದಕಾರಣ ಎಲ್ಲರೂ ಸಮಾಧಾನದಿಂದಿರುವಾಗಲೇ ಇದನ್ನು ಬರೆಯುತ್ತೇವೆ. ಇಲ್ಲಿ ವೈದ್ಯಕ್ಕೆ ಸೇರಿದ ಸಂಗತಿಗಳನ್ನು ದಾದಿಯರಿಂದಲೂ ವೈದ್ಯರಿಂದಲೂ, ಅನುಭವಕ್ಕೆ ಸೇರಿದವುಗಳನ್ನು ನಮ್ಮ ಮನೆಯಾಕೆಯಿಂದಲೂ ಸಭೆಯ ತಾಯಂದಿರಿಂದಲೂ ಕೇಳಿ ತಿಳಿದುಕೊಂಡೆವು.

ಮೊದಲು ವೇದವಾಕ್ಯದ ವಿಷಯ. ಮೊದಲನೆಯ ಸಾರಿ ಬಸುರಾದ ಹುಡುಗಿಯು ನೋವಿನ ಮಾತು ಕೇಳಿ ಹೆದರಿದಾಗ, ನಮ್ಮ ಹಿರಿಯ ಹೆಂಗಸರು ಆದಿಕಾಂಡದ ಮೂರನೆಯ ಅಧ್ಯಾಯವನ್ನು ಎತ್ತಿ, ಹವ್ವಳಿಗೆ ವಿಧಿಸಿದ್ದು ನಿನಗೂ ತಪ್ಪದು, ಬಾಯಿ ಮುಚ್ಚಿಕೊಂಡು ಸಹಿಸಮ್ಮಾ ಅನ್ನುವದುಂಟು. ಈ ಬೋಧನೆಯಲ್ಲಿ ಅರ್ಧಪಾಲು ಮಾತ್ರ ಸತ್ಯ. ಇಬ್ರಿಯ ಭಾಷೆಯಲ್ಲಿ 16ನೆಯ ವಚನದಲ್ಲಿ ಸ್ತ್ರೀಯ ಕಷ್ಟಕ್ಕೆ ಬಳಸಿರುವ 'ಇಟ್ಸಾಬೋನ್' ಎಂಬ ಪದವೇ 17ನೆಯ ವಚನದಲ್ಲಿ ಆದಾಮನು ಹೊಲದಲ್ಲಿ ಪಡಬೇಕಾದ ಕಷ್ಟಕ್ಕೂ ಬಂದಿದೆ. ಭೂಮಿಯಲ್ಲಿ ಮುಳ್ಳುಕಳೆ ಹುಟ್ಟುವದೆಂದು ದೇವರು ಹೇಳಿರುವದರಿಂದ ಕಳೆ ಕೀಳಬಾರದೆಂದು ಯಾವ ರೈತನೂ ಹೇಳನು. ಅವನು ಕುಂಟೆ ಹೂಡುತ್ತಾನೆ, ಕೂಲಿಯಾಳುಗಳನ್ನು ಕರೆಯುತ್ತಾನೆ, ಕೈಯಲ್ಲಿ ದುಡ್ಡಿದ್ದರೆ ಟ್ರಾಕ್ಟರ್ ತರಿಸುತ್ತಾನೆ. ಗಂಡಸಿನ ಬೆವರನ್ನು ಕಡಿಮೆ ಮಾಡುವದು ಪಾಪವಾಗದಿದ್ದರೆ ಹೆಂಗಸಿನ ಬೇನೆಗೆ ನೆರವು ತರುವದು ಹೇಗೆ ಪಾಪವಾದೀತು?

ಈ ವಾದವು ಹೊಸದೇನೂ ಅಲ್ಲ. ಸ್ಕಾಟ್ಲೆಂಡ್ ದೇಶದ ಎಡಿನ್‌ಬರೋ ಪಟ್ಟಣದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಎಂಬ ವೈದ್ಯನು 1847ರಲ್ಲಿ ಪ್ರಸವವೇದನೆಯನ್ನು ಶಮನಮಾಡುವದಕ್ಕೆ ಕ್ಲೋರೋಫಾರ್ಮ್ ಎಂಬ ಮದ್ದನ್ನು ಬಳಸಿದಾಗ, ಧರ್ಮದ ಹೆಸರಿನಲ್ಲಿಯೂ ಆಕ್ಷೇಪಣೆಗಳು ಬಂದವು. ಅವನು ಅದೇ ವರ್ಷ ಒಂದು ಪುಸ್ತಿಕೆಯನ್ನು ಅಚ್ಚುಹಾಕಿಸಿ, ಇಬ್ರಿಯ ಪದದ ಅರ್ಥವನ್ನು ಬಿಡಿಸಿ, ದೇವರು ಆದಾಮನ ಪಕ್ಕೆಲುಬನ್ನು ತೆಗೆಯುವ ಮೊದಲು ಅವನಿಗೆ ಗಾಢನಿದ್ರೆಯನ್ನು ಬರಮಾಡಿದನೆಂಬದನ್ನು ಜ್ಞಾಪಿಸಿ ಉತ್ತರಕೊಟ್ಟನು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ತನ್ನ ಎಂಟನೆಯ ಮಗುವಿನ ಹೆರಿಗೆಯಲ್ಲಿ ಆ ಮದ್ದನ್ನು ತೆಗೆದುಕೊಂಡ ಮೇಲೆ ಆಕ್ಷೇಪಣೆ ತಗ್ಗಿತು. ವೇದಪಂಡಿತರ ವಾದಕ್ಕಿಂತಲೂ ರಾಣಿಯ ಹೆರಿಗೆಯು ಹೆಚ್ಚು ಕೆಲಸ ಮಾಡಿತೆಂದು ನಾವು ಎಣಿಸುತ್ತೇವೆ.

ಇನ್ನು ಲೂಕನು ಬರೆದದ್ದನ್ನು ನೋಡಿರಿ. ಮರಿಯಳು ತನ್ನ ವಿಷಯವನ್ನು ದೂತನಿಂದ ಕೇಳಿದ ಮೇಲೆ ಯೂದಾಯದ ಬೆಟ್ಟದ ಸೀಮೆಗೆ ಅವಸರವಾಗಿ ಹೋಗಿ ಎಲಿಸಬೇತಳ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದಳು. ಒಬ್ಬಳು ಮುದುಕಿ, ಒಬ್ಬಳು ಎಳೆಯ ಪ್ರಾಯದವಳು. ಆದರೆ ಇಬ್ಬರೂ ಚೊಚ್ಚಲ ಬಸುರಿಯರೇ. ನಮ್ಮ ಸೀಮೆಯಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುವ ಪದ್ಧತಿಯು ಇದೇ ಮರ್ಮವನ್ನು ಅರಿತದ್ದು. ಬಸುರಿಯು ಒಂಟಿಯಾಗಿರಬಾರದು, ಅವಳ ಮಾತನ್ನು ಅರಿಯಬಲ್ಲ ಇನ್ನೊಬ್ಬ ಹೆಂಗಸು ಹತ್ತಿರ ಇರಬೇಕು.

ಭಯದ ವಿಷಯಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಗ್ರ್ಯಾಂಟ್ಲಿ ಡಿಕ್-ರೀಡ್ ಎಂಬ ವೈದ್ಯನು 1933ರಲ್ಲಿ ಸಹಜ ಹೆರಿಗೆಯ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಭಯದಿಂದ ಮೈಯೆಲ್ಲಾ ಬಿಗಿಯುತ್ತದೆ, ಬಿಗಿದ ಮೈಯಲ್ಲಿ ನೋವು ಹೆಚ್ಚುತ್ತದೆ, ಹೆಚ್ಚಿದ ನೋವು ಭಯವನ್ನು ಇಮ್ಮಡಿಸುತ್ತದೆ ಎಂಬದು ಅವನ ಮುಖ್ಯ ಬೋಧನೆ. ಇದು ಗಾಣದ ಎತ್ತು ಸುತ್ತಿದಂತೆ ಸುತ್ತುತ್ತದೆ. ಮುಂದೆ ಏನು ಬರುವದೆಂದು ತಾಯಿಗೆ ಮುಂಚಿತವಾಗಿ ತಿಳಿಸಿ, ಉಸಿರಾಡುವದನ್ನೂ ಮೈಸಡಿಲಿಸುವದನ್ನೂ ಕಲಿಸಿ, ಅವಳನ್ನು ಒಂಟಿಯಾಗಿ ಬಿಡದಿದ್ದರೆ ಆ ಸುತ್ತು ಬಹುಮಟ್ಟಿಗೆ ನಿಲ್ಲುವದು. ಆದರೆ ಭಯವಿಲ್ಲದವಳಿಗೆ ನೋವೇ ಇರದೆಂದು ಅವನ ಮಾತನ್ನು ಎಳೆಯುವವರನ್ನು ನಾವು ಒಪ್ಪೆವು. ನಮ್ಮ ಕರ್ತನು ತಾನೇ ಹೆರುವ ಸ್ತ್ರೀಯ ದುಃಖವನ್ನು ದುಃಖವೆಂದೇ ಕರೆದನು. ಮಗು ಹುಟ್ಟಿದ ಮೇಲಿನ ಸಂತೋಷವನ್ನು ಅದರ ಪಕ್ಕದಲ್ಲಿಟ್ಟನು.

ನಮ್ಮ ಹಳ್ಳಿಗಳಲ್ಲಿ ಹೆದರಿಸುವ ಕೆಲಸವನ್ನು ಮಾಡುವವರು ಹೆಚ್ಚಾಗಿ ನೆರೆಹೊರೆಯ ಹೆಂಗಸರೇ. ಬಾವಿಯ ಕಟ್ಟೆಯಲ್ಲಿಯೋ ನಲ್ಲಿಯ ಬಳಿಯಲ್ಲಿಯೋ ಬಸುರಿಯನ್ನು ಕಂಡ ಕೂಡಲೇ, ಇಂಥವಳು ಹೆರಿಗೆಯಲ್ಲಿ ಸತ್ತಳು, ಇಂಥವಳಿಗೆ ಮೂರು ದಿನ ಬೇನೆ ತಿಂದಿತು ಎಂಬ ಕಥೆಗಳನ್ನು ಬಿಚ್ಚುವರು. ಸುಖವಾಗಿ ಹೆತ್ತವರ ಕಥೆಯನ್ನು ಯಾರೂ ಹೇಳರು, ಅದರಲ್ಲಿ ಕಥೆಯೇ ಇಲ್ಲವಲ್ಲ! ಸಹೋದರಿಯರೇ, ಬಸುರಿಯ ಮುಂದೆ ನಾಲಿಗೆಗೆ ಕಡಿವಾಣ ಹಾಕಿರಿ.

ಸಿದ್ಧತೆಯು ಒಂಬತ್ತನೆಯ ತಿಂಗಳಲ್ಲಿ ಆರಂಭವಾಗತಕ್ಕದ್ದಲ್ಲ. ಮುಟ್ಟು ನಿಂತಿತೆಂದು ತಿಳಿದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿಕಾರ್ಡು ಮಾಡಿಸಿಕೊಳ್ಳಬೇಕು. ಕಡೆಯ ಮುಟ್ಟಿನ ಮೊದಲನೆಯ ದಿನದಿಂದ 280 ದಿನಗಳನ್ನು ಎಣಿಸಿ ಹೆರಿಗೆಯ ದಿನವನ್ನು ಬರೆಯುತ್ತಾರೆ. ಸರಿಯಾಗಿ ಅದೇ ದಿನದಂದು ಹೆರುವವರು ಬಹು ಸ್ವಲ್ಪ ಮಂದಿ. ಎರಡು ವಾರ ಹಿಂದುಮುಂದಾಗುವದು ಸಾಮಾನ್ಯ, ಅದಕ್ಕೆ ಗಾಬರಿಪಡಬೇಡಿರಿ. ಧನುರ್ವಾಯುವಿನ ಸೂಜಿಮದ್ದುಗಳನ್ನು ತಪ್ಪಿಸಬಾರದು. ಕಬ್ಬಿಣಸತ್ವದ ಗುಳಿಗೆಗಳನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿವಸ ನುಂಗಬೇಕು. ಇವುಗಳನ್ನು ತಂದು ದೇವರ ಪುಸ್ತಕದ ಪಕ್ಕದ ಗೂಡಿನಲ್ಲಿ ಇಟ್ಟು ಮರೆಯುವ ಮನೆಗಳನ್ನು ನಾವು ಬಲ್ಲೆವು. ಮಲ ಕಪ್ಪಾಗುವದನ್ನು ಕಂಡು ಹೆದರಿ ಬಿಟ್ಟವರೂ ಇದ್ದಾರೆ, ಅದರಿಂದ ಕೇಡಿಲ್ಲ. ಗುಳಿಗೆಯನ್ನು ಚಹದ ಜೊತೆ ತೆಗೆದುಕೊಂಡರೆ ಮಾತ್ರ ಅದರ ಪ್ರಯೋಜನ ಕಡಿಮೆಯಾಗುವದು. ರಕ್ತಹೀನಳಾದ ತಾಯಿಯು ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಾಳಲಾರಳು. ಪ್ರತಿ ತಿಂಗಳಿನ 9ನೆಯ ತಾರೀಖಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರು ಧರ್ಮಾರ್ಥವಾಗಿ ಪರೀಕ್ಷಿಸುವ ಏರ್ಪಾಡು 2016ರಿಂದ ಇದೆ.

ಊಟದ ವಿಷಯದಲ್ಲಿ ಒಂದು ಕೆಟ್ಟ ನಂಬಿಕೆಯನ್ನು ಹೆಸರಿಟ್ಟು ಖಂಡಿಸುತ್ತೇವೆ. ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುವದೆಂದು ಏಳನೆಯ ತಿಂಗಳಿನಿಂದ ಬಸುರಿಯ ತಟ್ಟೆಯನ್ನು ಕಿರಿದುಮಾಡುವ ಅತ್ತೆಯರಿದ್ದಾರೆ. ಇದರಿಂದ ತಾಯಿ ಬಡವಾಗಿ, ಮಗು ತೂಕ ಕಡಿಮೆಯಾಗಿ ಹುಟ್ಟುವದು. ರಾಗಿ, ಹುರುಳಿ, ನುಗ್ಗೆಸೊಪ್ಪು, ಹಾಲು, ಮೊಟ್ಟೆ ಇವು ಮನೆಯಲ್ಲಿದ್ದರೆ ಮೊದಲ ಪಾಲು ಬಸುರಿಗೆ ಸೇರಬೇಕು, ಗಂಡಸರ ಪಂಕ್ತಿ ಎದ್ದ ಮೇಲೆ ಉಳಿದದ್ದಲ್ಲ. ಗ್ರಹಣದ ದಿನ ಅವಳನ್ನು ಕತ್ತಲೆಯ ಕೋಣೆಯಲ್ಲಿ ಉಪವಾಸ ಕೂಡಿಹಾಕುವದು ನಮ್ಮ ಸಭೆಗಳಲ್ಲಿಯೂ ಪೂರ್ತಿಯಾಗಿ ಹೋಗಿಲ್ಲವೆಂಬದು ನಾಚಿಕೆಯ ಸಂಗತಿ.

ಬಸುರಿಯು ನಡೆಯಬೇಕು, ಮನೆಯ ಹಗುರ ಕೆಲಸಗಳನ್ನು ಮಾಡಬೇಕು, ಕುಕ್ಕರಗಾಲಿನಲ್ಲಿ ಕೂತು ಏಳುವ ರೂಢಿಯನ್ನು ಬಿಡಬಾರದು. ಕಡೆಯ ತಿಂಗಳುಗಳಲ್ಲಿ ಅಂಗಾತ ಮಲಗದೆ ಪಕ್ಕಕ್ಕೆ ಮಲಗಬೇಕು. ಸಂಜೆ ಪ್ರಾರ್ಥನೆಯ ಹೊತ್ತಿನಲ್ಲಿ ಕೆಲವು ನಿಮಿಷ ಕಣ್ಣು ಮುಚ್ಚಿ, ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಬಾಯಿಂದ ಇನ್ನೂ ನಿಧಾನವಾಗಿ ಬಿಡುತ್ತಾ, ಹಣೆ, ದವಡೆ, ಭುಜ, ತೊಡೆ ಹೀಗೆ ಒಂದೊಂದನ್ನೇ ಸಡಿಲಿಸುವದನ್ನು ರೂಢಿಮಾಡಿಕೊಳ್ಳಲಿ. ಈ ಅಭ್ಯಾಸವು ಸಣ್ಣದೆಂದು ಕಂಡರೂ ಬೇನೆಯ ಹೊತ್ತಿನಲ್ಲಿ ಬಹಳ ಉಪಕಾರಕ್ಕೆ ಬರುವದು.

ಮನೆಯವರ ಸಿದ್ಧತೆ ಬೇರೆ. ಯಾವ ಆಸ್ಪತ್ರೆ, ಯಾರ ಗಾಡಿ, ಅವಳ ಸಂಗಡ ಯಾರು, ರಕ್ತ ಬೇಕಾದರೆ ಯಾರು ಕೊಡುವರು, ರಾತ್ರಿ ಬಾಗಿಲು ತಟ್ಟಿದರೆ ಯಾರು ಏಳುವರು ಎಂಬದನ್ನು ಎಂಟನೆಯ ತಿಂಗಳಿನಲ್ಲೇ ನಿಶ್ಚಯಿಸಬೇಕು. 108 ಎಂಬ ಅಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಓಡುತ್ತಿದೆ. 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆಯಾದರೂ ಸಹ, ಔಷಧ ಊಟಗಳೊಡನೆ ಉಚಿತವಾಗಿರಬೇಕೆಂಬ ನಿಯಮವಿದೆ. ಆದದರಿಂದ ಹಣವಿಲ್ಲವೆಂದು ತಡಮಾಡಬೇಡಿರಿ.

ಈಗ ಬೇನೆಯ ವಿಷಯ. ಸುಳ್ಳುಬೇನೆಯು ಬಂದು ಹೋಗುವದು, ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಅರ್ಧ ಗಂಟೆಗೆ. ಎದ್ದು ನಡೆದರೆ ಅಥವಾ ಮಲಗಿದರೆ ತಗ್ಗುವದು. ನಿಜಬೇನೆಯು ಸೊಂಟದಿಂದ ಹೊಟ್ಟೆಗೆ ಸುತ್ತಿ ಬಂದು, ಬರಬರುತ್ತಾ ಹತ್ತಿರ ಹತ್ತಿರವಾಗಿ, ಹೆಚ್ಚು ಹೊತ್ತು ನಿಲ್ಲುವದು. ರಕ್ತದ ಗೆರೆಯುಳ್ಳ ಲೋಳೆ ಕಾಣಿಸುವದೂ ಹೆರಿಗೆ ಸಮೀಪಿಸಿದ ಗುರುತು. ಆಸ್ಪತ್ರೆಯು ಹತ್ತಿರವಿದ್ದರೆ, ಐದು ನಿಮಿಷಕ್ಕೊಮ್ಮೆ ಬಂದು ಒಂದು ನಿಮಿಷ ನಿಲ್ಲುವ ಬೇನೆಯು ಒಂದು ಗಂಟೆ ನಡೆದ ಮೇಲೆ ಹೊರಡಬಹುದು. ದೂರದ ಹಳ್ಳಿಯವರು ಅಷ್ಟು ಕಾಯಬಾರದು. ನೀರೊಡೆದರೆ ಬೇನೆಯಿಲ್ಲದಿದ್ದರೂ ಹೊರಡಬೇಕು. ಆ ನೀರು ಹಸುರಾಗಿದ್ದರೆ, ರಕ್ತ ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತೀಕ್ಷ್ಣವಾದ ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಕೈಗಳು ಊದಿಕೊಂಡರೆ, ಜ್ವರವಾಗಲಿ ಸೆಳೆತವಾಗಲಿ ಬಂದರೆ ಒಂದು ಗಳಿಗೆಯೂ ತಡೆಯಬಾರದು. ತಿಂಗಳು ತುಂಬುವ ಮುಂಚೆ ಇವು ಕಂಡರೂ ಹಾಗೆಯೇ.

ಚೊಚ್ಚಲ ಹೆರಿಗೆಯು ನಿಧಾನ. ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ತೆರೆಯಬೇಕು. ಮೊದಲ 5 ಸೆಂಟಿಮೀಟರಿಗೆ ಎಷ್ಟು ಹೊತ್ತೆಂದು ಹೇಳಲಾಗದು. ಒಂದು ಹಗಲೋ ರಾತ್ರಿಯೋ ಹೋಗಬಹುದು. ಆ ಮೇಲಿನದು ಸಾಮಾನ್ಯವಾಗಿ 12 ಗಂಟೆಗಳನ್ನು ಮೀರದೆಂದು ಲೋಕದ ಆರೋಗ್ಯ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿದೆ. ಈ ಮಾತನ್ನು ಮುಂಚೆಯೇ ತಿಳಿದಿರುವ ಹುಡುಗಿಯು ಆರನೆಯ ಗಂಟೆಯಲ್ಲಿ, ತನಗೇನೋ ಕೆಟ್ಟದ್ದಾಗಿದೆಯೆಂದು ಎದೆಗೆಡುವದಿಲ್ಲ. ಆ ಹೊತ್ತಿನಲ್ಲಿ ಅವಳು ಮಲಗಿಯೇ ಇರಬೇಕಾಗಿಲ್ಲ. ನಡೆಯಲಿ, ಗೋಡೆಗೆ ಕೈಕೊಟ್ಟು ನಿಲ್ಲಲಿ, ಬಾಗಲಿ. ವೈದ್ಯರು ಬೇಡವೆನ್ನದಿದ್ದರೆ ಗಂಜಿಯನ್ನೂ ನೀರನ್ನೂ ಕುಡಿಯಲಿ. ಐಗುಪ್ತದಲ್ಲಿ ಇಬ್ರಿಯ ಸ್ತ್ರೀಯರ ಹೆರಿಗೆಯ ವಿಷಯ ಹೇಳುವಲ್ಲಿ ಮೂಲಭಾಷೆಯಲ್ಲಿ ಎರಡು ಕಲ್ಲುಗಳೆಂಬ ಪದವಿದೆ. ಅವುಗಳ ಮೇಲೆ ಕೂತು ಹೆರುತ್ತಿದ್ದರೆಂದು ಪಂಡಿತರು ಅರ್ಥಮಾಡುತ್ತಾರೆ. ನಮ್ಮ ಅಜ್ಜಿಯರಲ್ಲಿಯೂ ಅನೇಕರು ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿದು ಕುಕ್ಕರಗಾಲಿನಲ್ಲಿ ಹೆತ್ತವರೇ.

ನಮ್ಮ ಸಭೆಯ ಒಬ್ಬ ತಾಯಿಯು ಹೇಳಿದ ಮಾತು ಎಲ್ಲರ ಉಪಯೋಗಕ್ಕೆ ಬರುವದು. ಒಂದೊಂದು ನೋವು ಏರಿ ಇಳಿಯುವದಕ್ಕೆ ಕೀರ್ತನೆಯ ಒಂದು ಚರಣವನ್ನು ನಿಧಾನವಾಗಿ ಹಾಡುವಷ್ಟು ಹೊತ್ತು ಹಿಡಿಯುತ್ತಿತ್ತಂತೆ. ಅವಳ ತಾಯಿ ಪಕ್ಕದಲ್ಲಿ ಕೂತು ಮೆಲ್ಲಗೆ ಹಾಡುವಳು. ಇವಳು ಉಸಿರು ಬಿಡುತ್ತಾ ಚರಣ ಮುಗಿಯುವದನ್ನು ಕಾಯುವಳು. ಚರಣ ಮುಗಿದರೆ ನೋವೂ ಮುಗಿಯುವದು. ಮುಂದಿನದು ಬರುವ ತನಕ ಮೈಯನ್ನು ಚೆಲ್ಲಿ ತೂಕಡಿಸುವಳು. "ರಾತ್ರಿಯೆಲ್ಲಾ ನೋವು ತಿಂದೆ ಅನ್ನಬೇಡಿರಿ ಅಯ್ಯನವರೇ, ರಾತ್ರಿಯಲ್ಲಿ ಹೆಚ್ಚು ಹೊತ್ತು ನೋವಿಲ್ಲದೆಯೇ ಇದ್ದೆ" ಎಂದು ಆಕೆ ನಮಗೆ ಹೇಳಿದಳು. ಕಡೆಗೆ ಒಂದು ಹಂತ ಬರುವದು: ಮೈ ನಡುಗುವದು, ವಾಂತಿಯಾಗಬಹುದು, ಇನ್ನು ನನ್ನಿಂದಾಗದು, ಮನೆಗೆ ಕರೆದುಕೊಂಡು ಹೋಗಿರಿ ಎಂದು ಧೈರ್ಯವಂತೆಯೂ ಅಳುವಳು. ಅನುಭವಸ್ಥ ದಾದಿಯರು ಇದನ್ನು ಕಂಡರೆ ಒಳಗೊಳಗೇ ಸಂತೋಷಪಡುವರು, ಯಾಕಂದರೆ ಬಾಯಿ ಪೂರಾ ತೆರೆಯುವ ಸಮಯವು ಹತ್ತಿರವಾಯಿತೆಂಬದಕ್ಕೆ ಇದು ಗುರುತು. ಆಗ ಗದರಿಸಬಾರದು, ಇಂಥಾ ಹೊತ್ತಿನಲ್ಲಿ ತಾಯಂದಿರ ಮೇಲೆ ಕೂಗಾಡುವ, ಕೈಯೆತ್ತುವ ಜಾಗಗಳೂ ಇವೆಯೆಂಬದನ್ನು ಕೇಳಿ ದುಃಖಪಡುತ್ತೇವೆ.

ಬಾಯಿ ಪೂರಾ ತೆರೆದ ಮೇಲೆ ತಿಣುಕುವ ಮನಸ್ಸು ತಾನಾಗಿ ಬರುವದು. ಅದಕ್ಕೆ ಮುಂಚೆ ತಿಣುಕಿಸಿದರೆ ತಾಯಿಯ ಬಲ ವ್ಯರ್ಥವಾಗುವದು. ಈ ಹಂತವು ಚೊಚ್ಚಲವರಿಗೆ ಸಾಮಾನ್ಯವಾಗಿ ಮೂರು ಗಂಟೆಯೊಳಗೆ ಮುಗಿಯುವದು. ಹೊಟ್ಟೆಯ ಮೇಲೆ ಮೊಣಕೈಯಿಂದ ಒತ್ತುವದು ಅಪಾಯಕರ. ಬೇನೆ ಜೋರಾಗಲೆಂದು ಮನೆಯಲ್ಲಿ ಸೂಜಿಮದ್ದು ಹಾಕಿಸುವದು ಅದಕ್ಕಿಂತಲೂ ಅಪಾಯಕರ. ಗರ್ಭಕೋಶ ಒಡೆದು ತಾಯಿ ಮಗು ಇಬ್ಬರೂ ಸಾಯಬಹುದು. ಅದೇ ಮದ್ದನ್ನು ಮಗು ಹುಟ್ಟಿದ ಮೇಲೆ ದಾದಿಯು ತೊಡೆಗೆ ಕೊಟ್ಟರೆ ರಕ್ತಸ್ರಾವ ತಡೆದು ಪ್ರಾಣ ಉಳಿಸುವದು. ತಲೆಯು ಕಾಣುವಾಗ ಉರಿಯುವದು. ಆಗ ದಾದಿಯು ಹೇಳಿದಂತೆ ತಿಣುಕದೆ ನಾಯಿ ತೇಕುವಂತೆ ಸಣ್ಣ ಉಸಿರು ಬಿಟ್ಟರೆ ಹರಿಯುವದು ಕಡಿಮೆ.

ಹುಟ್ಟಿದ ಮಗುವನ್ನು ಒರಸಿ ತಾಯಿಯ ಬರಿಯ ಎದೆಯ ಮೇಲೆ ಹಾಕಬೇಕು. ಹೊಕ್ಕಳುಬಳ್ಳಿಯನ್ನು ಒಂದು ನಿಮಿಷವಾದರೂ ತಡೆದು ಕತ್ತರಿಸುವದು ಮಗುವಿಗೆ ರಕ್ತವೃದ್ಧಿಕರ. ಮಾಸು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬೀಳುವದು. ಹಳದಿಬಣ್ಣದ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವದು ಮಗುವಿನ ಮೊದಲನೆಯ ಆಸ್ತಿಯನ್ನು ಬೀದಿಗೆ ಎಸೆದ ಹಾಗೆ. ಜೇನು, ಸಕ್ಕರೆನೀರು, ಕತ್ತೆಹಾಲು ಯಾವುದೂ ಬೇಡ. ಆರು ತಿಂಗಳು ತಾಯಿಯ ಹಾಲು ಮಾತ್ರ. ಹೊಕ್ಕಳಿಗೆ ಬೂದಿ ಸಗಣಿ ಹಚ್ಚಬಾರದು. ಧನುರ್ವಾಯುವು ಶಿಶುಗಳನ್ನು ಕೊಲ್ಲುತ್ತಿದ್ದ ದಾರಿ ಅದೇ. ಬಹು ಪ್ರಯತ್ನದಿಂದ 2015ರಲ್ಲಿ ಭಾರತವು ಆ ಉಪದ್ರವದಿಂದ ಬಿಡುಗಡೆಯಾಯಿತೆಂದು ಪ್ರಕಟವಾಯಿತು.

ಸೂಲಗಿತ್ತಿಯರನ್ನು ಹೀನೈಸುವದು ನಮ್ಮ ಉದ್ದೇಶವಲ್ಲ. ಶಿಫ್ರಾ ಪೂಗಾ ಎಂಬ ಸೂಲಗಿತ್ತಿಯರ ಹೆಸರು ವೇದದಲ್ಲಿದೆ, ಫರೋಹನ ಹೆಸರು ಅಲ್ಲಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೆಸರಾಗಿ 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡರು. ಆದರೆ ರಕ್ತ ಹರಿದಾಗ ಕೈಗುಣವು ಸಾಲದು, ರಕ್ತವೇ ಬೇಕು. ರಾಹೇಲಳು ಎಫ್ರಾತದ ದಾರಿಯಲ್ಲಿ ಸತ್ತಾಗ ಅವಳ ಬಳಿ ಸೂಲಗಿತ್ತಿ ಇದ್ದಳು, ಧೈರ್ಯವನ್ನೂ ಹೇಳಿದಳು.

ಇಲ್ಲಿಯೇ ನಮ್ಮ ಮನಸ್ಸಿನಲ್ಲಿ ಮುಖ್ಯವಾಗಿರುವ ಮಾತನ್ನು ಹೇಳಬೇಕು. ಸಹಜ ಹೆರಿಗೆಯು ದೇವರು ಶರೀರದಲ್ಲಿಟ್ಟ ಮಾರ್ಗ, ಅದಕ್ಕೆ ಸಿದ್ಧವಾಗುವದು ಒಳ್ಳೇದು; ಅವಶ್ಯವಿಲ್ಲದೆ ಶುಭದಿನ ನೋಡಿಯೋ ಅನುಕೂಲಕ್ಕಾಗಿಯೋ ಹೊಟ್ಟೆ ಕೊಯ್ಸುವದು ಒಳ್ಳೇದಲ್ಲ. ಆದರೆ ಸಹಜ ಹೆರಿಗೆಯನ್ನು ಹರಕೆಯಂತೆ ಹಿಡಿಯಬಾರದು. ಒಂದು ಊರಿನಲ್ಲಿ ಇಪ್ಪತ್ತು ವರುಷದ ಒಬ್ಬ ಹುಡುಗಿಗೆ ಸಂಜೆ ನೀರೊಡೆದು ಹಸುರಾಗಿ ಹೋಯಿತು. ಅವಳ ಅಜ್ಜಿ ಏಳು ಮಕ್ಕಳನ್ನು ಮನೆಯಲ್ಲೇ ಹೆತ್ತವಳೆಂದು ಮನೆಯವರು ಬೆಳಗಾಗುವ ವರೆಗೆ ಪ್ರಾರ್ಥಿಸುತ್ತಾ ಕಾದರು. ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಉಸಿರೆತ್ತಲಿಲ್ಲ. ಮಣ್ಣುಮಾಡುವ ದಿನ ಹಿರಿಯನೊಬ್ಬನು, ದೇವರ ಚಿತ್ತ ಎಂದನು. ಹುಡುಗಿಯು ಏನೂ ಹೇಳಲಿಲ್ಲ. ಆ ಮೇಲೆ ಬಹುಕಾಲ ದೇವಾಲಯಕ್ಕೂ ಬರಲಿಲ್ಲ. ನಮ್ಮ ತಡಕ್ಕೆ ದೇವರ ರುಜುವನ್ನು ಹಾಕುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

1890ರ ದಶಕದಲ್ಲಿ ತಮಿಳುಸೀಮೆಯ ತಿಂಡಿವನಂನಲ್ಲಿ ಒಂದೇ ರಾತ್ರಿ ಮೂವರು ಗಂಡಸರು ಬೇನೆ ತಿನ್ನುವ ತಮ್ಮ ಹೆಂಡರಿಗಾಗಿ ಮಿಶನ್ ಬಂಗಲೆಯ ಬಾಗಿಲಿಗೆ ಬಂದರು. ಬಂಗಲೆಯಲ್ಲಿದ್ದ ವೈದ್ಯನು ಗಂಡಸಾದ್ದರಿಂದ ಒಲ್ಲೆವೆಂದು ಹಿಂತಿರುಗಿದರು. ಬೆಳಗಾಗುವಾಗ ಮೂವರು ಹೆಂಗಸರೂ ಸತ್ತಿದ್ದರು. ಆ ವೈದ್ಯನ ಮಗಳು ಐಡಾ ಸ್ಕಡರ್ ವೈದ್ಯಕ ಕಲಿತು 1902ರಲ್ಲಿ ವೆಲ್ಲೂರಿನಲ್ಲಿ ಸ್ತ್ರೀಯರಿಗಾಗಿ ಆಸ್ಪತ್ರೆಯನ್ನು ತೆರೆದಳು. ನಮ್ಮ ಕನ್ನಡಸೀಮೆಯ ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ದೇಶದ ಈವಾ ಲೊಂಬಾರ್ಡ್ ಎಂಬ ವೈದ್ಯಳು ಹೆಂಗಸರು ಮಕ್ಕಳಿಗಾಗಿ ಆರಂಭಿಸಿದ ಮಿಶನ್ ಆಸ್ಪತ್ರೆಯು ಈಗಲೂ ಇದೆ. ಅಂದು ಸ್ತ್ರೀವೈದ್ಯಳಿಲ್ಲದೆ ಸತ್ತರು. ಇಂದು ವೈದ್ಯಳಿದ್ದೂ ಸಾಯಬಾರದಷ್ಟೆ.

ಶಸ್ತ್ರಚಿಕಿತ್ಸೆಯಿಂದ ಹೆತ್ತವಳನ್ನು ಹೊಟ್ಟೆ ಕೊಯ್ಸಿಕೊಂಡವಳೆಂದು ಸ್ತ್ರೀಯರ ಕೂಟದಲ್ಲಿಯೇ ಹಂಗಿಸುವದನ್ನು ನಾವು ಕೇಳಿದ್ದೇವೆ. ಅವಳು ಬೇನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಅನೇಕರು ಹನ್ನೆರಡು ಗಂಟೆ ಬೇನೆ ತಿಂದು ಆ ಮೇಲೆ ಶಸ್ತ್ರಕ್ಕೆ ಒಪ್ಪಿಕೊಂಡವರು. ಅಂಥವಳ ಮುಂದೆ ಸಾಕ್ಷಿ ಹೇಳುವಾಗ, ಕರ್ತನು ನನಗೆ ಸುಖಪ್ರಸವ ಕೊಟ್ಟನು ಎಂಬ ಮಾತು ಸ್ತುತಿಯಾಗುವ ಬದಲು ಹೆಮ್ಮೆಯಾಗುವದುಂಟು, ಎಚ್ಚರವಿರಲಿ.

ಮಗು ಹೆಣ್ಣಾದರೆ ಸ್ತೋತ್ರದ ಆರಾಧನೆಯನ್ನು ಮುಂದೆ ಹಾಕುವ ಮನೆಯವರಿಗೆ ಬೇರೊಂದು ತಿಂಗಳು ಬರೆಯುವೆವು. ಯಾಜಕಕಾಂಡದ 12ನೆಯ ಅಧ್ಯಾಯದ ದಿನಗಳ ಎಣಿಕೆಯು ನಮ್ಮನ್ನು ಕಟ್ಟುವದಿಲ್ಲ. ತಾಯಿಯು ಮೈ ಕೂಡಿದಾಗ ದೇವಾಲಯಕ್ಕೆ ಬರಲಿ.

2016ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಕೋಣೆಯೊಳಗೆ ಬಂಧುವಾದ ಒಬ್ಬ ಹೆಂಗಸು ತಾಯಿಯ ಸಂಗಡ ಇರುವದಕ್ಕೆ ಅಪ್ಪಣೆಯಿದೆ. ಸಂಗಡ ಒಬ್ಬಳಿದ್ದರೆ ಬೇನೆಯ ಹೊತ್ತು ಸ್ವಲ್ಪ ಕಡಿಮೆಯಾಗುವದೂ ಶಸ್ತ್ರದ ಅವಶ್ಯಕತೆ ತಗ್ಗುವದೂ ಪರೀಕ್ಷೆಗಳಿಂದ ತಿಳಿದಿದೆ. ಆದಕಾರಣ ಪ್ರತಿಯೊಂದು ಸಭೆಯ ಸ್ತ್ರೀಯರ ಕೂಟದ ನಾಯಕಿಯು ಮುಂದಿನ ಕೂಟಕ್ಕೆ ಬರುವಾಗ, ಸಭೆಯಲ್ಲಿರುವ ಚೊಚ್ಚಲ ಬಸುರಿಯರ ಹೆಸರು, ಅವರ ದಿನ, ಅವರವರ ಸಂಗಡ ಒಳಗೆ ಹೋಗತಕ್ಕ ಬಂಧು ಯಾರೆಂಬದು, ಆಕೆ ಇಲ್ಲದ ಹೊತ್ತಿನಲ್ಲಿ ಆಕೆಯ ಮನೆಯ ಒಲೆಯನ್ನೂ ದನವನ್ನೂ ಯಾರು ನೋಡಿಕೊಳ್ಳುವರೆಂಬದು, ಇಷ್ಟನ್ನು ಒಂದು ಕಾಗದದಲ್ಲಿ ಬರೆದುಕೊಂಡು ಬರಲಿ.